ಕಯಾಕಿಗೆ ಹೋಗಿ ಕಾಯಕ ಮಾಡಿ ಬಂದದ್ದು

ನಮ್ಮ ಮನೆಗೂ ಪಕ್ಕದ ಕಾಕಾನ ಮನೆಗೂ ನಡುವೆ ಇರುವುದು ಎದೆಮಟ್ಟದ ಗೋಡೆ. ಕಟ್ಟಿಸುವಾಗ ಮೇಸ್ತ್ರಿ ಇನ್ನೆರಡು ಸಾಲು ಇಟ್ಟಿಗೆ ಏರಿಸೋಣ ಅಂದಿದ್ದ. ಕಾಕಾ ಒಪ್ಪಲಿಲ್ಲ. "ಆಮ್ಯಾಲೆ ಮೊಣಕೈ ಎಲ್ಲಿ ಇಡಬೇಕೋ ತಮ್ಮಾ?" ಅಂದರು. ಹೀಗಾಗಿ ಹರಪನಹಳ್ಳಿಯ ಅರ್ಧ ಸುದ್ದಿ ಆ ಕಡೆಯಿಂದ ಈ ಕಡೆ ಬರುವುದೂ ಈ ಕಡೆಯಿಂದ ಆ ಕಡೆ ಹೋಗುವುದೂ ಈ ಗೋಡೆಯ ಮೇಲೆಯೇ. ಕಾಕಾ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಸ್ಟೇರಿಂಗ್ ಹಿಡಿದ ಕೈಗೆ ಹಿಡಿಯಲು ಏನಾದರೂ ಬೇಕು. ಈಗ ಗೋಡೆ ಹಿಡಿಯುತ್ತಾರೆ.

ಆ ಸೋಮವಾರ ಬೆಳಿಗ್ಗೆ ನಾನು ಗೋಡೆಗೆ ಒರಗಿದ್ದು ಹರಟೆಗಲ್ಲ, ಆಧಾರಕ್ಕೆ. ಸೊಂಟ ಹೇಳಿದ ಮಾತು ಕೇಳುತ್ತಿರಲಿಲ್ಲ.

"ಯಾಕ್ರೀ ಮೇಷ್ಟ್ರೇ, ಸೊಂಟ ಹಿಡ್ಕಂಡು ನಿಂತೀರಿ?"

"ನಿನ್ನೆ ಕಯಾಕಿಗೆ ಹೋಗಿದ್ದೆ ಕಾಕಾ."

"ಕಾಯಕಕ್ಕಾ? ಭಾನುವಾರನೂ ಸ್ಕೂಲ್ ಇಟ್ಟಾರಾ?"

ಅವರ ತಪ್ಪೇನಿಲ್ಲ. ಶರಣರ ಹೆಸರು ಕೇಳಿಕೊಂಡೇ ಬೆಳೆದ ಸೀಮೆ ಇದು. ಅತ್ತ ಕೊಟ್ಟೂರು, ಇತ್ತ ಉಜ್ಜಿನಿ. ಕಾಯಕ ಅನ್ನುವ ಶಬ್ದ ನಮ್ಮ ಕಿವಿಗೆ ಹೊಕ್ಕು ಎಷ್ಟು ನೂರು ವರ್ಷವಾಯಿತೋ. ಕಯಾಕ್ ಬಂದು ಇನ್ನೂ ಮೂರು ದಿನ. ಕಾಯಕವಲ್ಲ ಕಾಕಾ, ಕಯಾಕ್, ಅದೊಂದು ದೋಣಿ, ಮೂಗು ಚೂಪು, ಹೊಟ್ಟೆ ಸಣ್ಣದು, ಅವರೇಕಾಯಿ ಸಿಪ್ಪೆ ಬಿಡಿಸಿ ಇಟ್ಟ ಹಾಗೆ, ಅದರಲ್ಲಿ ಕಾಲು ಚಾಚಿ ಕೂತು ಎರಡೂ ತುದಿಗೆ ಹಲಗೆ ಇರುವ ಹುಟ್ಟು ಹಾಕಬೇಕು, ಅಂದೆ. ಉತ್ತರ ಧ್ರುವದ ಹತ್ತಿರ ಹಿಮದಲ್ಲಿ ಬಾಳುವ ಇನ್ಯೂಟ್ ಜನ ಸೀಲ್ ಪ್ರಾಣಿಯ ಚರ್ಮ ಹೊಲಿದು, ಎಲುಬು, ತೇಲಿ ಬಂದ ಕಟ್ಟಿಗೆ ಸೇರಿಸಿ ಮಾಡಿಕೊಂಡಿದ್ದು. ಬೇಟೆಗಾರ ಒಬ್ಬನೇ ಕೂರುವ ದೋಣಿ, ಅಂತಲೂ ಹೇಳಿದೆ. ಮೇಷ್ಟ್ರು ಅಂದ ಮೇಲೆ ಅಷ್ಟು ಪಾಠವಾದರೂ ಮಾಡದಿದ್ದರೆ ಹೇಗೆ.

ಕಾಕಾ ತಲೆಯಾಡಿಸಿದರು. "ಒಬ್ಬನೇ ಕೂರಾದಾ? ಹಂಗಾರೆ ಹೆಂಡ್ರು ಮಕ್ಳು?"

ಅದಕ್ಕೂ ಆ ಜನರ ಹತ್ತಿರ ಉತ್ತರವಿತ್ತು. ಮನೆಮಂದಿ, ನಾಯಿ, ಸಾಮಾನು ಸರಂಜಾಮು ಎಲ್ಲ ಹೇರುವುದಕ್ಕೆ ಉಮಿಯಾಕ್ ಅಂತ ಬೇರೆ ದೊಡ್ಡ ದೋಣಿ ಇತ್ತು. ಆದರೆ ಪ್ರಪಂಚಕ್ಕೆಲ್ಲ ಮೋಜಿನ ವಸ್ತುವಾಗಿ ಹೋದದ್ದು ಒಂಟಿ ದೋಣಿಯೇ. ಕಾಕಾ ಅದಕ್ಕೆ ಏನೂ ಅನ್ನಲಿಲ್ಲ. ಗೋಡೆ ಮೇಲಿನ ಪಾಚಿ ಕೆರೆದರು.

ಕಯಾಕು ನಮ್ಮ ಮನೆಗೆ ಬಂದದ್ದು ನನ್ನ ಅಕ್ಕನ ಮಗನ ಕಾರಿನ ಡಿಕ್ಕಿಯಲ್ಲಿ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಹೋದ ವರ್ಷ ಗೆಳೆಯರ ಜೊತೆ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರ ಸೀತಾ ನದಿಯಲ್ಲಿ, ಕಾಂಡ್ಲಾ ಗಿಡಗಳ ನಡುವೆ ಕಯಾಕ್ ಓಡಿಸಿ ಬಂದವನು ರುಚಿ ಹತ್ತಿಸಿಕೊಂಡ. ಆಮೇಲೆ ಗಾಳಿ ತುಂಬುವ ಕಯಾಕುಗಳನ್ನು ಎಲ್ಲರೂ ಸೇರಿ ಕೊಂಡಿದ್ದಾರೆ. ಮಡಿಸಿದರೆ ಹಾಸಿಗೆ ಸುರುಳಿಯಷ್ಟು, ತುಂಬಿಸಿದರೆ ಇಬ್ಬರು ಕೂರುವಷ್ಟು. ಕೊಟ್ಟೂರು ತೇರು ಮುಗಿದ ಮರುವಾರ ಎರಡು ಕಾರು, ಏಳು ಜನ, ನಾಲ್ಕು ಸುರುಳಿ ಬಂದಿಳಿದವು. ನಾನು ಎಂಟನೆಯವನು. ಲೆಕ್ಕ ಸರಿಹೋಗಲಿ ಅಂತ ಸೇರಿಸಿಕೊಂಡರು.

"ಮಾಮಾ, ಎಲ್ಲಿ ಬಿಡೋಣ?" ಅಂತ ಅಳಿಯ ರಾತ್ರಿಯೇ ನಕಾಶೆ ಹರಡಿದ. ಅವನಿಗೆ ನೀರುನಾಯಿ ನೋಡುವ ಆಸೆ. ಅದಕ್ಕೆ ತುಂಗಭದ್ರಾ ಅಣೆಕಟ್ಟಿನ ಕೆಳಗೆ ಹೋಗಬೇಕಪ್ಪ, ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗೆಂದೇ ಮೀಸಲಿಟ್ಟಿದ್ದಾರೆ, ಅಲ್ಲಿ ನಿಮ್ಮ ಗದ್ದಲ ಬೇಡ, ಅಂದೆ. ಹಾಗಾದರೆ ಅಂಕಸಮುದ್ರ? ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 244 ಎಕರೆಯದ್ದು. ನೀರಿನಲ್ಲೇ ನಿಂತ ಜಾಲಿ ಮರಗಳ ತುಂಬ ಗೂಡು. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಬಣ್ಣದ ಕೊಕ್ಕರೆ ಮರಿಗೆ ಮೀನು ತಿನ್ನಿಸುತ್ತಿರುವಾಗ ಮರದ ಕೆಳಗೆ ಕಿತ್ತಳೆ ಬಣ್ಣದ ರಬ್ಬರ್ ದೋಣಿ ಬಂದು ಸೆಲ್ಫಿ ತೆಗೆದರೆ ಅದು ಏನಂದುಕೊಂಡೀತು? ಅದನ್ನೂ ಬೇಡ ಅಂದೆ. ಅಳಿಯನ ಮುಖ ಸಣ್ಣದಾಯಿತು. ಕೊನೆಗೆ ಅಣೆಕಟ್ಟಿನ ಹಿನ್ನೀರು, ಅದೂ ಹಗರಿಬೊಮ್ಮನಹಳ್ಳಿ ಕಡೆಯ ಅಂಚು ಅಂತ ಆಯಿತು.

"ಮೊಸಳಿ ಅದಾವಲ್ಲೋ ಅಲ್ಲಿ!" ಗೋಡೆಯಾಚೆಯಿಂದ ಚಿಗವ್ವನ ದನಿ. ಬಟ್ಟೆ ಒಣಹಾಕುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಇವೆ, ಸುಳ್ಳಲ್ಲ. ತುಂಗಭದ್ರೆಯಲ್ಲಿ ಮೊಸಳೆ ಇಲ್ಲ ಅನ್ನುವವನು ಹೊಳೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದವನು. ಅದಕ್ಕೇ ಅಲ್ಲಿಯ ಮೀನುಗಾರರನ್ನು ಕೇಳಿ, ಅವರು ತೋರಿಸಿದ ಕಡೆ ಇಳಿದೆವು. ಎಲ್ಲರಿಗೂ ಲೈಫ್ ಜಾಕೆಟ್. ನನಗೆ ತೊಡಿಸಿದ್ದರ ಗುಂಡಿ ಹೊಟ್ಟೆಯ ಹತ್ತಿರ ಬಂದು ಮುಷ್ಕರ ಹೂಡಿತು.

ಈ ಹಿನ್ನೀರನ್ನು ನೀವು ಮಳೆಗಾಲ ಮುಗಿದ ಮೇಲೆ ನೋಡಿದ್ದರೆ ಸಮುದ್ರ ಅಂದುಕೊಂಡಿರುತ್ತೀರಿ. 1953ರಲ್ಲಿ ಅಣೆಕಟ್ಟು ಮುಗಿದಾಗ ಸುಮಾರು 90 ಹಳ್ಳಿ ಇದರ ಕೆಳಗೆ ಹೋದವು. ನಾರಾಯಣದೇವರಕೆರೆ ಅನ್ನುವ ದೊಡ್ಡ ಊರೇ ಮುಳುಗಿತು, ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆ ನಿಂತರು. ಮಾರ್ಚಿನ ಹೊತ್ತಿಗೆ ನೀರು ಹಿಂದೆ ಸರಿಯುತ್ತದೆ. ಸರಿದ ಜಾಗದಲ್ಲಿ ನೆಲ ಒಡೆದು ಹಪ್ಪಳ ಹಪ್ಪಳವಾಗಿ ಕಾಣುತ್ತದೆ, ಅದರ ಮೇಲೆ ಹಸಿರು ಚಿಗುರುತ್ತದೆ, ಹಸಿರು ಕಂಡು ಕುರಿ ಹಿಂಡು ಬರುತ್ತದೆ. ಆದರೆ ನೀರಿನ ಅಂಚಿನ ಕಡೆಗೆ ಹೋದ ಹಾಗೆ ಆ ಹಪ್ಪಳ ಬರೀ ಮೇಲ್ಪದರ. ಕೆಳಗೆ ಪಾಯಸ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 105 ಚಿಲ್ಲರೆ. ಉಳಿದದ್ದೆಲ್ಲ ಹೂಳು. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಇಡೀ ರಾಜ್ಯ ಹೋದ ನೀರಿನ ಲೆಕ್ಕ ಹಾಕಿತು. ಹೂಳು ಸದ್ದಿಲ್ಲದೆ ನುಂಗಿದ್ದಕ್ಕೆ ಟಿವಿಯವರು ಬರುವುದಿಲ್ಲ.

ಬೆಳಗಿನ ಎರಡು ತಾಸು ಚೆನ್ನಾಗಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ನನ್ನ ಜೊತೆ ಮಂಡ್ಯ ಕಡೆಯ ಒಬ್ಬ ಹುಡುಗಿ. ಅವಳು ಮುಂದೆ, ನಾನು ಹಿಂದೆ. "ಅಂಕಲ್, ಎಡ" ಅಂದರೆ ನಾನು ಬಲಕ್ಕೆ ಹಾಕುತ್ತಿದ್ದೆ. ಆದರೂ ದೋಣಿ ನೆಟ್ಟಗೇ ಹೋಗುತ್ತಿತ್ತು, ಅವಳು ಸರಿಮಾಡುತ್ತಿದ್ದಳು ಅನ್ನಿಸುತ್ತದೆ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳ ಒಂದು ಗುಂಪು ದಡದಲ್ಲಿ ನಿಂತಿತ್ತು. ನಮ್ಮನ್ನು ನೋಡಿ ಹಾರಲಿಲ್ಲ, ಒಂದಿಷ್ಟು ನಡೆದು ಆಚೆ ಹೋದವು, ಸಂತೆಯಲ್ಲಿ ಕುಡುಕನಿಗೆ ದಾರಿ ಬಿಡುವ ಹೆಂಗಸರ ಹಾಗೆ.

ಆಗ ದಡದಿಂದ ಯಾರೋ ಕೂಗಿದ್ದು ಕೇಳಿತು. ಕಂಬಳಿ ಬೀಸುತ್ತಿದ್ದ ಒಬ್ಬ ಕುರಿಗಾರ.

"ಯಣ್ಣಾ... ಕತ್ತಿ ಸಿಕ್ಕೊಂಡೈತಿ... ಬರ್ರೋ..."

ಬೆಂಗಳೂರಿನ ಗುಂಪು ಹುಟ್ಟು ನಿಲ್ಲಿಸಿತು. "ಏನೋ ಕತ್ತಿ ಬಿದ್ದುಹೋಗಿದೆಯಂತೆ," ಅಂದ ಒಬ್ಬ. "ಕೆಸರಲ್ಲಿ ಕತ್ತಿ ಹುಡುಕೋದು ಡೇಂಜರ್, ಕಾಲಿಗೆ ಕುಯ್ಯುತ್ತೆ," ಅಂದ ಇನ್ನೊಬ್ಬ. ನಾನು ಹಿಂದಿನಿಂದ ಚೀರಬೇಕಾಯಿತು: ಆ ಕತ್ತಿಯಲ್ಲರೋ, ನಮ್ಮ ಕಡೆ ಕತ್ತೆಗೇ ಕತ್ತಿ ಅನ್ನೋದು!

ಕಾಕಾ ಇಲ್ಲಿ ಗೋಡೆ ಬಿಟ್ಟು ಎರಡು ಹೆಜ್ಜೆ ಹಿಂದೆ ಹೋಗಿ ನಕ್ಕು ಬಂದರು. "ಕತ್ತಿ ಸಲುವಾಗಿ ಸೊಂಟ ಮುರ್ಕಂಡ್ರಾ ಮೇಷ್ಟ್ರೇ? ಎಮ್ಮಿ ಆಗಿದ್ರೆ ಒಂದು ಮಾತು."

ನೋಡಿ, ಇದೇ ಕಷ್ಟ. ಕನ್ನಡದಲ್ಲಿ ಕತ್ತೆಗೆ ಒಂದು ಒಳ್ಳೆಯ ಮಾತು ಸಿಗುವುದಿಲ್ಲ. ನಾನೇ ತರಗತಿಯಲ್ಲಿ ದಿನಕ್ಕೆ ಆರು ಸಲವಾದರೂ ಆ ಪ್ರಾಣಿಯ ಹೆಸರು ಹಾಳುಮಾಡುತ್ತೇನೆ. ಅದೇ ಕತ್ತೆ ಕಡಿಮೆಯಾಗುತ್ತಿರುವುದು ಮಾತ್ರ ಯಾರ ಕಣ್ಣಿಗೂ ಬಿದ್ದಿಲ್ಲ. 2012ರ ಜಾನುವಾರು ಗಣತಿಯಲ್ಲಿ ದೇಶಕ್ಕೆಲ್ಲ 3.2 ಲಕ್ಷ ಇದ್ದವು, 2019ರ ಗಣತಿಗೆ 1.2 ಲಕ್ಷ ಉಳಿದಿದ್ದವು. ಅಗಸರಿಗೆ ಬೇಡವಾಯಿತು, ಇಟ್ಟಿಗೆ ಭಟ್ಟಿಗೆ ಟ್ರ್ಯಾಕ್ಟರ್ ಬಂತು. ನಮ್ಮ ಸೀಮೆಯಲ್ಲಿ ಅದನ್ನು ಇನ್ನೂ ಮನೆಯವರ ಹಾಗೆ ನೋಡಿಕೊಳ್ಳುವವರು ಅಂದರೆ ಊರೂರು ತಿರುಗುವ ಕುರಿಗಾರರು. ಪಾತ್ರೆ ಪಡಗ, ರಾತ್ರಿ ಹಟ್ಟಿ ಕಟ್ಟುವ ಬಲೆ, ದಾರಿಯಲ್ಲಿ ಹುಟ್ಟಿದ ಮರಿ ಎಲ್ಲ ಅದರ ಬೆನ್ನ ಮೇಲೆಯೇ. ಬಿಟ್ಟರೆ ಬೆಳ್ಳಂಬೆಳಿಗ್ಗೆ "ಕತ್ತಿ ಹಾಲ್ರೀ" ಅಂತ ಕೂಗುತ್ತಾ ಬರುವ ಹೆಂಗಸರು, ಒಂದು ಒಳಲೆ ಹಾಲಿಗೆ ಅವರು ಕೇಳಿದ್ದೇ ರೇಟು.

"ಹಾಲಂದ್ರೆ ನೆನಪಾತು," ಕಾಕಾ ದನಿ ತಗ್ಗಿಸಿದರು. "ಹೊಸಪ್ಯಾಟಿ ಕಥಿ ಗೊತ್ತೈತಲ್ಲ?"

ಗೊತ್ತಿಲ್ಲದೆ ಏನು. 2024ರಲ್ಲಿ ಹೊಸಪೇಟೆಯಲ್ಲಿ ಒಂದು ಕಂಪನಿ ಬೋರ್ಡು ಹಾಕಿತ್ತು: ನಮ್ಮಿಂದ ಕತ್ತೆ ಕೊಳ್ಳಿ, ಹಾಲು ನಾವೇ ಕೊಳ್ಳುತ್ತೇವೆ, ಲೀಟರಿಗೆ ಎರಡು ಸಾವಿರದ ಮೇಲೆ. ರೈತರು ಲಕ್ಷಗಟ್ಟಲೆ ಹಾಕಿ ಕತ್ತೆ ಹೊಡೆದುಕೊಂಡು ಹೋದರು. ಕೊನೆಗೆ ಕೇಸು, ಪೊಲೀಸು. ಆಗ ಊರೆಲ್ಲ ಒಂದೇ ಮಾತು, ಕತ್ತೆ ಯಾರು ಅಂತ. ಕಾಕಾನ ಸಂಬಂಧಿಕರೊಬ್ಬರು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಮರೆತು ವಾಪಸ್ ಬಂದಿದ್ದರಿಂದ ಉಳಿದುಕೊಂಡರಂತೆ. ಈ ಕಥೆ ಅವರು ನನಗೆ ಹೇಳುತ್ತಿರುವುದು ನಾಲ್ಕನೆಯ ಸಲ.

ಇರಲಿ. ನಮ್ಮ ಕತ್ತೆಗೆ ಬರೋಣ.

ಗಟ್ಟಿ ನೆಲದಿಂದ ಐವತ್ತು ಹೆಜ್ಜೆ ಒಳಗೆ, ನೀರಿಗೆ ಇನ್ನೇನು ಹತ್ತಿರ, ಹೊಟ್ಟೆಯವರೆಗೆ ಹೂತುಹೋಗಿತ್ತು. ನೀರು ಕುಡಿಯಲು ಹೋದದ್ದು, ಮೇಲ್ಪದರ ಒಡೆದು ನಾಲ್ಕೂ ಕಾಲು ಇಳಿದಿವೆ. ಕಿತ್ತುಕೊಳ್ಳಲು ಒದ್ದಾಡಿ ಒದ್ದಾಡಿ ಇನ್ನೂ ಇಳಿದಿದೆ. ನಾವು ಹತ್ತಿರ ಹೋದಾಗ ಒದ್ದಾಟ ಬಿಟ್ಟಿತ್ತು. ಕೆಸರು ಮೆತ್ತಿದ ರೆಪ್ಪೆ ಅರ್ಧ ಮುಚ್ಚಿತ್ತು, ಮೂಗಿನ ಹೊಳ್ಳೆ ಒಣಗಿ ಬೂದಿ ಬಣ್ಣವಾಗಿತ್ತು. ಎರಡು ಕಿವಿ ಮಾತ್ರ ಆಡುತ್ತಿದ್ದವು. ಯಾರು ಮಾತಾಡಿದರೆ ಅವರ ಕಡೆಗೆ ಒಂದು ಕಿವಿ ತಿರುಗುತ್ತಿತ್ತು. ಕುರಿಗಾರ ಬರಲು ನೋಡಿ ತೊಡೆಮಟ್ಟ ಇಳಿದು, ಇನ್ನೊಬ್ಬ ಅವನನ್ನೇ ಎಳೆದು ಹಾಕಿದ್ದನಂತೆ. ನೆಲದ ಕಡೆಯಿಂದ ಆಗುವ ಕೆಲಸವಲ್ಲ ಅದು. ನೀರಿನ ಕಡೆಯಿಂದ ಬಂದದ್ದಕ್ಕೇ ನಾವು ಮುಟ್ಟಿದೆವು.

ಮೊದಲು ನಾನು ಮಾಡಿದ ಕೆಲಸ ಫೋನು. ಪಶು ಆಂಬುಲೆನ್ಸಿನ 1962 ಒತ್ತಿದೆ. ಆ ಕಡೆಯ ಹೆಣ್ಣುಮಗಳು ವಿನಯವಾಗಿ ಕೇಳಿದಳು, "ಯಾವ ಜಿಲ್ಲೆ ಸರ್?" ನಾನು ಒಂದು ಗಳಿಗೆ ತಡವರಿಸಿದೆ. ಹರಪನಹಳ್ಳಿಯವನಿಗೆ ಇದು ಸುಲಭದ ಪ್ರಶ್ನೆಯಲ್ಲ. ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹಾಕಿದರು. ಇಪ್ಪತ್ತು ವರ್ಷ ಕಳೆದ ಮೇಲೆ ತಿರುಗಿ ಬಳ್ಳಾರಿ ಅಂದರು. 2021ರಿಂದ ವಿಜಯನಗರ. ಮನೆ ಬಿಟ್ಟು ಕದಲದೆ ಮೂರು ಜಿಲ್ಲೆ ನೋಡಿದ್ದೇನೆ. ವಿಜಯನಗರ ಅಂದೆ. "ಊರು? ಲ್ಯಾಂಡ್‌ಮಾರ್ಕ್?" ಸುತ್ತ ನೋಡಿದೆ. ನೀರು, ಕೆಸರು, ಹೆಬ್ಬಾತು. ಹಿನ್ನೀರಿಗೆ ಏನು ವಿಳಾಸ ಹೇಳುವುದು? ಮುಳುಗಿದ ಊರಿನ ಹೆಸರು ಹೇಳಿದರೆ ಗಾಡಿ ಬಂದೀತೇ? ದಡದಲ್ಲಿದ್ದ ಕುರಿಗಾರನಿಂದ ರಸ್ತೆಯ ಗುರುತು ಕೇಳಿ ಹೇಳುವಷ್ಟರಲ್ಲಿ ನೆಟ್‌ವರ್ಕು ಹೋಯಿತು.

ಅಷ್ಟರಲ್ಲಿ ಹರಿಗೋಲು ಬಂತು. ಬೆಳಿಗ್ಗೆ ನಮಗೆ ಜಾಗ ತೋರಿಸಿದ ಮೀನುಗಾರನೇ. ಬಿದಿರು ಹೆಣೆದು, ಹೊರಗೆ ಹಾಳೆ ಹೊದಿಸಿ ಡಾಂಬರು ಬಳಿದ ದೊಡ್ಡ ಬುಟ್ಟಿ. ಅದರಲ್ಲಿ ಅವನು, ಒಂದು ಗಳ, ಮೀನಿನ ಬಲೆ, ಒಂದು ಕೊಡ, ಬೀಡಿ. ಅವನು ಬಂದು ಕತ್ತೆಯನ್ನು ನೋಡಿದ, ನಮ್ಮ ಕಯಾಕುಗಳನ್ನು ನೋಡಿದ. "ಆ ಹಾಸಿಗಿ ಇತ್ತಾಗ ಎಳೀರಿ," ಅಂದ.

ಹಾಸಿಗೆ ಅಂದದ್ದು ಕಯಾಕಿಗೆ. ಒಂದೊಂದು ಹದಿಮೂರು ಸಾವಿರದ್ದು. ಆದರೆ ಅವನ ಕಣ್ಣು ಸರಿಯಾಗಿಯೇ ಅಳೆದಿತ್ತು. ಗಾಳಿ ತುಂಬಿದ ಅಗಲ ತಳ ಕೆಸರಿನಲ್ಲಿ ಇಳಿಯುವುದಿಲ್ಲ. ಎರಡನ್ನು ಕತ್ತೆಯ ಎಡಕ್ಕೆ ಬಲಕ್ಕೆ ಹಾಸಿದೆವು, ಎರಡನ್ನು ದಡದ ಕಡೆಗೆ ಸಾಲಾಗಿ ಇಟ್ಟೆವು, ಜಾತ್ರೆಯಲ್ಲಿ ಮಳೆ ಬಂದಾಗ ಹಲಗೆ ಹಾಕುವ ಹಾಗೆ. ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗಿಕೊಂಡರೆ ಪಕ್ಕದಲ್ಲಿ ಕತ್ತೆಯ ಮುಖ. ಗಾದೆ ಹೇಳುವುದೇನು, ಕಾರ್ಯವಾಸಿ ಕತ್ತೆಕಾಲು ಹಿಡಿ ಅಂತ. ನಾನು ನೂರು ಸಲ ಮಕ್ಕಳಿಗೆ ವಿಸ್ತರಿಸಿ ಬರೆಯಿರಿ ಅಂತ ಕೊಟ್ಟಿದ್ದೇನೆ, ಐದು ಅಂಕ. ಹಿಡಿದದ್ದು ಇದೇ ಮೊದಲು. ಕಾಲು ಮೊಳಕೈ ಆಳದಲ್ಲಿತ್ತು, ಕೆಸರು ಒಳಗೆ ತಣ್ಣಗೆ, ಮೀನು ಕೊಳೆತ ವಾಸನೆ. ಎಳೆದರೆ ಕದಲಲಿಲ್ಲ. ಕದಲದಿದ್ದದ್ದಷ್ಟೇ ಅಲ್ಲ, ಕೆಳಗಿನಿಂದ ಯಾರೋ ತಿರುಗಿ ಎಳೆದ ಹಾಗಾಯಿತು.

ಅಳಿಯ ಹೇಳಿದ, "ಮಾಮಾ, ಕುತ್ತಿಗೆಗೆ ಹಗ್ಗ ಹಾಕಿ ಕಾರಿಗೆ ಕಟ್ಟಿದರೆ ಒಂದೇ ನಿಮಿಷ."

ದಡದಿಂದ ಹಿರಿಯ ಕುರಿಗಾರ ಅಂದದ್ದು ನನಗೆ ಹಾಗೇ ನೆನಪಿದೆ. "ಗಾಡಿಗೆ ಕಟ್ಟಬ್ಯಾಡಪ್ಪಾ. ಎಷ್ಟು ಜಗ್ಗಿದ್ರೆ ನೋಯ್ತೈತಿ ಅನ್ನಾದು ಗಾಡಿಗೆ ತಿಳಿಯಂಗಿಲ್ಲ. ಕೈಗೆ ತಿಳೀತೈತಿ."

"ಖರೆ ಐತಿ," ಕಾಕಾ ತಲೆದೂಗಿದರು. ಮೂವತ್ತು ವರ್ಷ ಕ್ಲಚ್ ತುಳಿದವರು ಒಪ್ಪಿದರೆ ಅದಕ್ಕೆ ಬೆಲೆಯುಂಟು. ಕುತ್ತಿಗೆ, ತಲೆ, ಬಾಲ, ಕಾಲು ಯಾವುದಕ್ಕೂ ಹಗ್ಗ ಹಾಕಿ ಜಗ್ಗಬಾರದಂತೆ. ಕೆಸರು ಬಿಡುವ ಮೊದಲೇ ಕೀಲು ಬಿಡುತ್ತದೆ. ಹಗ್ಗ ಎದೆಗೆ ಬರಬೇಕು, ಮುಂಗಾಲಿನ ಹಿಂದೆ, ಅದೂ ಅಗಲವಾಗಿ. ಕುರಿಗಾರ ತನ್ನ ಕಂಬಳಿಯನ್ನೇ ನಾಲ್ಕು ಮಡಿಕೆ ಮಾಡಿ ಎಸೆದ. ಮೀನುಗಾರ ಗಳದ ತುದಿಗೆ ಅದನ್ನು ಸಿಕ್ಕಿಸಿ ಕತ್ತೆಯ ಎದೆಯ ಅಡಿಯಿಂದ ಈ ಕಡೆ ತೂರಿಸಿದ. ಕಂಬಳಿಯ ಎರಡು ತುದಿಗೆ ಹಗ್ಗ, ಹಗ್ಗ ದಡಕ್ಕೆ.

ಆದರೂ ಕಾಲಿನ ಪ್ರಶ್ನೆ ಹಾಗೇ ಇತ್ತಲ್ಲ. ಕೆಳಗಿನಿಂದ ಹಿಡಿದುಕೊಂಡಿದ್ದು ಬಿಡಬೇಕು. ಆಗ ಮಂಡ್ಯದ ಹುಡುಗಿ, ಅಲ್ಲಿಯವರೆಗೆ ಕತ್ತೆಯ ಮೂಗಿಗೆ ಒದ್ದೆ ಕರವಸ್ತ್ರ ಒತ್ತುತ್ತಾ ಕೂತವಳು, ಕೇಳಿದಳು. "ಅಂಕಲ್, ಮುದ್ದೆ ಪಾತ್ರೆಲಿ ಕೋಲು ಕಚ್ಚಿಕೊಂಡ್ರೆ ಏನ್ಮಾಡ್ತೀವಿ? ಪಕ್ಕದಿಂದ ಒಂಚೂರು ನೀರು ಬಿಡ್ತೀವಲ್ವಾ?"

ರೊಟ್ಟಿ ತಿನ್ನುವ ನಮಗೆ ಇದು ಹೊಳೆಯುವುದು ಸಾಧ್ಯವೇ ಇರಲಿಲ್ಲ.

ಮೀನುಗಾರನ ಕೊಡದಿಂದ ಕಾಲಿನ ಪಕ್ಕ ನೀರು ಬಿಟ್ಟೆವು. ಅರ್ಧ ಇಳಿಯಿತು, ಅರ್ಧ ಮೇಲೇ ನಿಂತಿತು. ಆಗ ಅವಳೇ ಕಯಾಕಿಗೆ ಗಾಳಿ ಹೊಡೆಯುವ ಕೈಪಂಪು ತಂದಳು. ಅದರ ಕೊಳವೆಯನ್ನು ಕಾಲಿಗೆ ತಾಗಿಸಿಕೊಂಡು ಗೊರಸಿನವರೆಗೆ ಇಳಿಸಿ, ಇನ್ನೊಬ್ಬ ಹುಡುಗ ಪಂಪು ಒತ್ತಿದ. ಕೆಸರು ಗುಳುಗುಳು ಅಂತು. ಒಂದು ದೊಡ್ಡ ಗುಳ್ಳೆ ಎದ್ದು ಒಡೆದು ನನ್ನ ಕನ್ನಡಕದ ಮೇಲೆ ಬಿತ್ತು. ಕೈಯಲ್ಲಿದ್ದ ಕಾಲು, ಇಷ್ಟು ಹೊತ್ತು ಕಂಬದ ಹಾಗಿದ್ದದ್ದು, ಸಡಿಲವಾಗಿ ನನ್ನ ಕಡೆ ಬಂತು.

"ಅಂದ್ರ... ಟಯರಿಗೆ ಹೊಡ್ದಂಗೆ ಕತ್ತಿ ಕಾಲಿಗೆ ಗಾಳಿ ಹೊಡದ್ರಾ?" ಕಾಕಾನ ಕಣ್ಣು ಅರಳಿತ್ತು. ಡಿಪೋದಲ್ಲಿ ಇಷ್ಟು ವರ್ಷ ಇದ್ದೂ ಇಂಥದ್ದೊಂದು ಕಂಡಿರಲಿಲ್ಲವಂತೆ. "ಎಷ್ಟು ಪಾಯಿಂಟ್?"

ನಾಲ್ಕು ಕಾಲಿಗೂ ಹೊಡೆದೆವು. ಮುಂದಿನದು ಬರೀ ಕೂಲಿ ಕೆಲಸ. ದಡದಲ್ಲಿ ಹತ್ತು ಜನ, ಹಿರಿಯ ಕುರಿಗಾರನ "ಹೈಸಾ" ಲೆಕ್ಕಕ್ಕೆ ಒಂದೊಂದು ಮೊಳ. ಜಗ್ಗು, ನಿಲ್ಲು, ಉಸಿರಾಡಲು ಬಿಡು, ಮತ್ತೆ ಜಗ್ಗು. ಕತ್ತೆ ಪಕ್ಕಕ್ಕೆ ವಾಲಿ ಹೊಟ್ಟೆಯ ಮೇಲೆ ಜಾರುತ್ತಾ ಬಂತು. ನಡುವೆ ಒಮ್ಮೆ ಅದಕ್ಕೂ ಜೀವದ ಆಸೆ ಬಂದು ಹಿಂಗಾಲು ಝಾಡಿಸಿತು. ಗೊರಸು ಸೀದಾ ಒಂದು ಕಯಾಕಿನ ಪಕ್ಕೆಗೆ. ಸುಸ್ಸ್ ಅಂತ ಹದಿಮೂರು ಸಾವಿರ ಇಳಿದುಹೋಯಿತು. ಅಳಿಯನ ಬಾಯಿಂದ ಬಂದ ಬೈಗುಳವೂ, ಪಾಪ, ಕತ್ತೆ ಅಂತಲೇ. ನನ್ನ ಸೊಂಟ ಹೋದದ್ದು ಸುಮಾರು ಅದೇ ಹೊತ್ತಿಗೆ.

ಗಟ್ಟಿ ನೆಲಕ್ಕೆ ಬಂದ ಮೇಲೆ ಅದು ಏಳಲಿಲ್ಲ. ಗೋಣಿತಟ್ಟಿನಲ್ಲಿ ಮೈ ತಿಕ್ಕಿದರು. ಬೆಲ್ಲದ ನೀರು ಬಾಯಿಗೆ ಹನಿಸಿದರು. 1962ರವರೇ ತಿರುಗಿ ಫೋನು ಮಾಡಿ ಡಾಕ್ಟರಿಗೆ ಕೊಟ್ಟರು. ಎಬ್ಬಿಸಲು ಹೊಡೆಯಬೇಡಿ, ಬೆಚ್ಚಗಿಡಿ, ನೀರು ಒಮ್ಮೆಲೇ ಕುಡಿಸಬೇಡಿ, ನಾಳೆ ಕಾಲು ಊದಿದರೆ ತಿಳಿಸಿ, ಅಂದರು. ಅರ್ಧ ತಾಸು ಹಾಗೇ ಕೂತೆವು. ಯಾರೂ ಫೋಟೋ ತೆಗೆಯಲಿಲ್ಲ, ಎಲ್ಲರ ಕೈಯೂ ಕೆಸರು. ಆಮೇಲೆ ಅದು ಮುಂಗಾಲು ಎರಡೂ ಚಾಚಿತು. ದನ ಎಮ್ಮೆ ಆದರೆ ಹಿಂಭಾಗ ಮೊದಲು ಎತ್ತುತ್ತವೆ, ಕತ್ತೆ ಕುದುರೆ ಮುಂಗಾಲು ಊರಿ ಏಳುತ್ತವೆ. ಇಷ್ಟು ವರ್ಷ ಎರಡನ್ನೂ ನೋಡಿದ್ದೆ, ಈ ವ್ಯತ್ಯಾಸ ನೋಡಿರಲಿಲ್ಲ. ಎದ್ದದ್ದು ನಡುಗುತ್ತಾ ಸುತ್ತ ನೋಡಿ, ಸೀದಾ ನಮ್ಮ ಬುತ್ತಿ ಚೀಲಕ್ಕೆ ಬಂದು ಒಗ್ಗರಣೆ ಮಂಡಕ್ಕಿಗೆ ಬಾಯಿ ಹಾಕಿತು. ನಮ್ಮ ಮನೆಯವರು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಾಡಿದ್ದು. ಮೆಣಸಿನಕಾಯಿ ಬಜ್ಜಿಯನ್ನು ಮೂಸಿ ಬಿಟ್ಟಿತು. ಕತ್ತೆಗೆ ಬುದ್ಧಿಯಿಲ್ಲ ಅನ್ನುವವರು ಇದನ್ನು ಗಮನಿಸಬೇಕು.

ತೂತಾದ ಕಯಾಕಿನವರು ವಾಪಸ್ ಬಂದದ್ದು ಹರಿಗೋಲಿನಲ್ಲಿ. ನಾನೂ ಅದರಲ್ಲೇ ಹತ್ತಿದೆ, ಕಾಲು ಚಾಚಿ ಕೂರುವ ಸ್ಥಿತಿಯಲ್ಲಿ ಸೊಂಟ ಇರಲಿಲ್ಲ. ಮೀನುಗಾರ ಒಂದು ಕಡೆ ಹುಟ್ಟು ಹಾಕಿದರೆ ಅದು ಗಿರ್ರನೆ ತಿರುಗುತ್ತದೆ. ಒಮ್ಮೆ ಹೆಬ್ಬಾತು ಕಾಣುತ್ತದೆ, ಒಮ್ಮೆ ಕುರಿ, ಒಮ್ಮೆ ಮೂರು ಕಯಾಕು ನೆಟ್ಟಗೆ ಗೆರೆ ಎಳೆದ ಹಾಗೆ ಹೋಗುವುದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಡೊಮಿಂಗೊ ಪಾಯೆಸ್ ಅನ್ನುವ ಪೋರ್ಚುಗೀಸನು ಆನೆಗೊಂದಿಯ ದಾರಿಯಲ್ಲಿ ಕಂಡ ಇದೇ ಬುಟ್ಟಿಯನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತದೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತದೆ, ಆದರೆ ಯಾವಾಗಲೂ ಸುತ್ತುತ್ತಲೇ ಇರುತ್ತದೆ, ಬೇರೆ ದೋಣಿಗಳಂತೆ ನೇರ ಹೋಗಲಾರದು. ಐನೂರು ವರ್ಷವಾದರೂ ಚರ್ಮವೊಂದು ಬದಲಾಗಿದೆ, ಸುತ್ತುವುದು ಬಿಟ್ಟಿಲ್ಲ.

"ಇದರಾಗೆ ಕತ್ತಿ ಹಾಕ್ಬೋದೇನಪ್ಪಾ?" ಅಂತ ಮೀನುಗಾರನನ್ನು ಕೇಳಿದೆ.

"ಎರಡು ಹಾಕ್ಬೋದು," ಅಂದ. "ಬಾಡಿಗಿ ಬ್ಯಾರೆ."

ಹೊರಡುವ ಮೊದಲು ಒಂದು ಮಾತು ನಡೆದಿತ್ತು. ಹಿರಿಯ ಕುರಿಗಾರ ಸೊಂಟದ ಚೀಲಕ್ಕೆ ಕೈ ಹಾಕಿದ. ನಮ್ಮ ಹುಡುಗರು ಛೇ ಛೇ ಅಂದರು. ಅವನಿಗೆ ಅದು ಸರಿಬರಲಿಲ್ಲ. ಸ್ವಲ್ಪ ಯೋಚಿಸಿ ಒಬ್ಬೊಬ್ಬರನ್ನೇ ಕೇಳುತ್ತಾ ಹೋದ: "ನಿಂದು ಹೊಲ ಎಲ್ಲೈತಪ್ಪಾ?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ವೈಟ್‌ಫೀಲ್ಡಿನಲ್ಲಿ ಫ್ಲಾಟ್ ಇದೆ ಅಂದ. "ಎಷ್ಟು ಎಕರೆ?" "ಮೂರನೇ ಫ್ಲೋರ್." ಕುರಿಗಾರನಿಗೆ ಅರ್ಥವಾಗಲಿಲ್ಲ, ಮುಂದಿನವರಿಗೆ ಹೋದ. ಮಂಡ್ಯದವಳದು ಇತ್ತು, ಆದರೆ ದೂರವಾಯಿತು. ಕೊನೆಗೆ ನನ್ನ ಹತ್ತಿರ ಬಂದ. ನನ್ನದು ಊರ ಹೊರಗೆ ಎರಡು ಎಕರೆ ಎರೆ ಹೊಲ, ಅಪ್ಪ ಬಿಟ್ಟುಹೋದದ್ದು. "ಹಂಗಾರೆ ಯುಗಾದಿ ಕಳದ ಮ್ಯಾಲೆ ಆ ಕಡಿ ಬರ್ತೀವಿ. ಎರಡು ರಾತ್ರಿ ಕುರಿ ತರುಬುತೀನಿ ನಿಮ್ಮ ಹೊಲದಾಗ. ದುಡ್ಡು ಗಿಡ್ಡು ಮಾತು ಬ್ಯಾಡ," ಅಂದ.

ಕುರಿ ತರುಬುವುದು ಅಂದರೇನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ನಾನೂರು ಕುರಿ ಎರಡು ರಾತ್ರಿ ಹೊಲದಲ್ಲಿ ಮಲಗಿ ಎದ್ದರೆ ಬೀಳುವ ಹಿಕ್ಕೆ, ಗಂಜಲ ಯಾವ ಗೊಬ್ಬರದ ಚೀಲಕ್ಕೂ ಬಾರದು. ಹಿಂಡು ಒಬ್ಬರ ಹೊಲ ಬಿಟ್ಟು ಇನ್ನೊಬ್ಬರ ಹೊಲಕ್ಕೆ ಏಳುವಾಗ ಜಗಳಗಳೇ ಆಗುತ್ತವೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಬಿಸಿಲು ಏರಿತ್ತು. ಚಿಗವ್ವ ಎರಡು ಲೋಟ ಚಹಾ ಗೋಡೆಯ ಮೇಲಿಟ್ಟು ಹೋದರು. ಕಾಕಾ ಚಹಾ ಆರಿಸುತ್ತಾ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಇದು ಅವರ ಜಾಯಮಾನವಲ್ಲ. ಕೊನೆಗೆ ಲೋಟ ಕೆಳಗಿಟ್ಟು, ಎರಡೂ ಮೊಣಕೈಯನ್ನು ಗೋಡೆಯ ಮೇಲೆ ಇನ್ನಷ್ಟು ಮುಂದಕ್ಕೆ ತಂದರು.

"ಮೇಷ್ಟ್ರೇ, ನಿಮ್ಮ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಒಂದು ಬದು ಐತಲ್ಲ..."

"ಐತಿ ಕಾಕಾ."

"ಅದೇನು ದೊಡ್ಡದಲ್ಲ. ಕುರಿ ಅಂದ್ಮ್ಯಾಲೆ ರಾತ್ರಿ ಹೊತ್ತಿನಾಗ ಅತ್ತಾಗ ಇತ್ತಾಗ ಆಗ್ತಾವು. ನೀವೇನು ಎದ್ದು ತಿರುವಾಕ ಹೋಗಬ್ಯಾಡ್ರಿ. ಸೊಂಟ ಬ್ಯಾರೆ ನೋಯ್ತೈತಿ ನಿಮ್ದು."